ಪಕ್ಕದವರು ಇದ್ದಾರಾ?

ಫ್ರಾನ್ಸಿನ ಲಾವಾಲ್ ಊರಿನ ಟೂರಿಸ್ಟ್ ಬಸ್ ಡ್ರೈವರ್ ರೆಜಿಸ್ ಬುವ್ರೋಗೆ ಅರಮನೆ ಅಂದರೆ ಅಸಹ್ಯ. ಚರ್ಚ್ ಅಂದರೂ ಅಷ್ಟೇ. ದೇವರ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ, ರಾಜರ ಮೇಲೂ ಇರಲಿಲ್ಲ. ಆದರೆ ಇಡೀ ಹರೆಯವನ್ನು ಅವರ ಮನೆಗಳ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಕಳೆದ ಮನುಷ್ಯನಿಗೆ ಅಸಹ್ಯವಾಗದೆ ಇನ್ನೇನಾದೀತು ಹೇಳಿ. ವರ್ಸಾಯ್ ಅರಮನೆ ಅಂದರೆ ಅವನಿಗೆ ಬಸ್ಸಿನ ಬುಡ ಕುಲುಕುವ ಕಲ್ಲುಹಾಸು. ಶಾರ್ತ್ರ್ ಚರ್ಚ್ ಅಂದರೆ ಹಿಂದೆ ಮುಂದೆ ನಾಲ್ಕು ಸಲ ಎಳೆದಾಡಿದರೂ ತಿರುಗದ ಓಣಿ. ಲ್ವಾರ್ ನದಿಯ ದಂಡೆಯಲ್ಲಿ ಸಾಲುಗಟ್ಟಿ ನಿಂತ ಅರಮನೆಗಳನ್ನು ಅವನು ಒಂದರಿಂದ ಇನ್ನೊಂದನ್ನು ಗುರುತಿಸುತ್ತಿದ್ದದ್ದು ಶೌಚಾಲಯದ ವಾಸನೆಯಿಂದ.

ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ. ಜನರನ್ನು ಇಳಿಸಿ, ಬಾಗಿಲು ಹಾಕಿ, ಪೊರಕೆ ತೆಗೆದುಕೊಂಡು ಬಸ್ಸು ಗುಡಿಸುತ್ತಿದ್ದ. ಸೀಟಿನ ಸಂದಿಯಲ್ಲಿ ಮೊಟ್ಟೆಯ ಚೂರು, ಅಗಿದು ಅಂಟಿಸಿದ ಚೂಯಿಂಗ್ ಗಮ್ಮು, ಬಿಸಿಲಿಗೆ ಬೆವರಿದ ಚೀಸು, ಯಾರೋ ಕಳಚಿಟ್ಟು ಮರೆತ ಕಾಲುಚೀಲ. ಅತ್ತ ಜನ ಒಳಗೆ ಹೋಗಿ ರಾಜನ ಹಾಸಿಗೆ ನೋಡಿ ಬಂದು, ಐಸ್‌ಕ್ರೀಮಿನ ಅಂಟುಗೈಯನ್ನು ಕಿಟಕಿಯ ಪರದೆಗೆ ಒರೆಸಿ, ಎಷ್ಟು ಚೆನ್ನಾಗಿತ್ತು ಎಂದು ಉಸಿರು ಬಿಡುತ್ತಿದ್ದರು. ನೀವ್ಯಾಕೆ ಬರಲಿಲ್ಲ ಎಂದು ಯಾರಾದರೂ ಪುಣ್ಯಾತ್ಮರು ಕೇಳಿದರೆ, ಕಲ್ಲು ನೋಡಬೇಕಾದರೆ ನಮ್ಮೂರಲ್ಲಿ ಸ್ಮಶಾನವಿದೆ, ಅದಕ್ಕೆ ಟಿಕೀಟೂ ಇಲ್ಲ ಎನ್ನುತ್ತಿದ್ದ. ಈ ಮಾತನ್ನು ವರ್ಷಗಟ್ಟಲೆ ಹೇಳಿದ. ಕೇಳಿದವರು ವರ್ಷಗಟ್ಟಲೆ ನಕ್ಕರು.

ಹಾಗೆಂದು ಕೆಲಸದಲ್ಲಿ ಕಳ್ಳನಲ್ಲ. ಹೇಳಿದ ಹೊತ್ತಿಗೆ ಬಸ್ಸು ಬಿಡುವುದರಲ್ಲಿ ಅವನಿಗೆ ಸಮನಿರಲಿಲ್ಲ. ಹೊರಡುವ ಮುಂಚೆ ಬೇರೆ ಡ್ರೈವರುಗಳು ತಲೆ ಎಣಿಸುತ್ತಾ ನಡುವೆ ಓಡಾಡಿ, ಬಗ್ಗಿ ಶೂ ಕಟ್ಟುತ್ತಿದ್ದವನನ್ನು ಬಿಟ್ಟು, ಎದ್ದು ನಿಂತವಳನ್ನು ಎರಡು ಸಲ ಎಣಿಸಿ ತಲೆ ಕೆಡಿಸಿಕೊಳ್ಳುತ್ತಿದ್ದರು. ರೆಜಿಸ್ ಎಣಿಸುತ್ತಲೇ ಇರಲಿಲ್ಲ. ಮೈಕು ಹಿಡಿದು ಒಂದೇ ಮಾತು ಕೇಳುತ್ತಿದ್ದ: "ನಿಮ್ಮ ಪಕ್ಕದವರು ಇದ್ದಾರಾ?" ಎಲ್ಲರೂ ಒಟ್ಟಿಗೆ ಕತ್ತು ತಿರುಗಿಸಿ ಪಕ್ಕ ನೋಡುತ್ತಿದ್ದರು. ಇದ್ದಾರೆ, ಇದ್ದಾರೆ ಎಂದು ಗುಜುಗುಜು ಆಗುತ್ತಿತ್ತು. ಬಸ್ಸು ಹೊರಡುತ್ತಿತ್ತು. ಹೀಗೆ ಅವನ ಬಸ್ಸಿನಲ್ಲಿ ಮರೆತು ಬಿಟ್ಟುಹೋದವರು ಒಬ್ಬರೂ ಇಲ್ಲ. ಬೇಕೆಂದೇ ತಡ ಮಾಡಿದವರ ಕತೆ ಬೇರೆ. ಅವರಿಗೆ ರೈಲಿದೆ ಎನ್ನುತ್ತಿದ್ದ. ಅಂಗಡಿಯಲ್ಲಿ ಸೋಪು ಆರಿಸುತ್ತಾ ನಿಂತುಬಿಟ್ಟ ಒಬ್ಬ ಹಲ್ಲಿನ ಡಾಕ್ಟರನ್ನು ಒಂದು ಮಠದ ಬಾಗಿಲಲ್ಲಿ ಬಿಟ್ಟು ಬಂದದ್ದನ್ನು ಪ್ರತಿ ಹಬ್ಬದೂಟದಲ್ಲೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದ. ಹೊಸದಾಗಿ ಸೇರಿದ ಡ್ರೈವರುಗಳಿಗೆಲ್ಲ ಇವನದೇ ಪಾಠ. ಸಬ್ರಿನಾ ಎಂಬ ಗಟ್ಟಿಗಿತ್ತಿ ಹುಡುಗಿ ಸ್ಟಿಯರಿಂಗ್ ಹಿಡಿಯಲು ಕಲಿತದ್ದೂ ಇವನ ಕೈಕೆಳಗೇ. ಅವಳು ಇವನನ್ನು ಗುರುಗಳೇ ಎಂದೇ ಕರೆಯುತ್ತಿದ್ದಳು, ಅರ್ಧ ಗೌರವ, ಅರ್ಧ ತಮಾಷೆ.

ಈ ಕೆಲಸದಲ್ಲಿ ಅವನಿಗೆ ಅಸಹ್ಯವಿಲ್ಲದ ಒಂದೇ ಜಾಗವಿತ್ತು. ಅರಮನೆಗಳ ಹತ್ತಿರದ ದೊಡ್ಡ ಹೋಟೆಲುಗಳಲ್ಲಿ ಅಡಿಗೆಮನೆಗೆ ಅಂಟಿಕೊಂಡಂತೆ ಡ್ರೈವರುಗಳದ್ದೇ ಒಂದು ಕೋಣೆ ಇರುತ್ತದೆ. ಮುಂದಿನ ಹಜಾರದಲ್ಲಿ ಪ್ರವಾಸಿಗಳು ರಬ್ಬರಿನಂಥ ಕೋಳಿ, ಡಬ್ಬಿಯ ಹುರುಳಿಕಾಯಿ, ನಡುಗುವ ಮೊಟ್ಟೆ ಹಲ್ವದ ಚೌಕ ತಿನ್ನುತ್ತಿದ್ದರೆ, ಹಿಂದಿನ ಕೋಣೆಯಲ್ಲಿ ಹೋಟೆಲಿನವರು ತಮಗೆಂದೇ ಮಾಡಿದ ಅಡಿಗೆ: ಬೆಳಗಿನಿಂದ ಸಣ್ಣ ಉರಿಯಲ್ಲಿ ಬೆಂದ ದನದ ಮಾಂಸ, ಅದರ ದಪ್ಪ ಸಾರು, ಬಿಸಿ ಬ್ರೆಡ್ಡು. ಬಸ್ಸು ತಂದವನಿಗೆ ಪುಕ್ಕಟೆ. ಅಲ್ಲಿ ಕೂತು ಎಲ್ಲ ಊರಿನ ಡ್ರೈವರುಗಳೂ ಪ್ರವಾಸಿಗಳನ್ನು ಬೈದುಕೊಳ್ಳುತ್ತಿದ್ದರು. ಅವನ ಪಾಲಿಗೆ ಫ್ರಾನ್ಸ್ ದೇಶದ ವೈಭವವೆಲ್ಲ ಆ ಕೋಣೆಯಲ್ಲೇ ಇತ್ತು.

ಹೆಂಡತಿ ಜೋಸಿಯಾನ್ ಒಂದು ಸರ್ಕಾರಿ ಶಾಲೆಯ ಅಡಿಗೆಯವಳು. ಗಂಡ ಮನೆಯಲ್ಲಿರುತ್ತಿದ್ದ ದಿನ ಕಡಿಮೆ. ಬರುವಾಗ ಅವನು ಅರಮನೆಯ ಅಂಗಡಿಯಿಂದ ಅವಳಿಗೊಂದು ತಟ್ಟೆ ಒರೆಸುವ ಬಟ್ಟೆ ತರುತ್ತಿದ್ದ. ಅಂಗಡಿ ಪಾರ್ಕಿಂಗಿಗೆ ಹತ್ತಿರವಿರುತ್ತದಲ್ಲ, ಅದಕ್ಕೆ. ಬಟ್ಟೆಯ ಮೇಲೆ ಅರಮನೆಯ ಚಿತ್ರ, ಕೆಳಗೆ ಹೆಸರು. ಅವಳು ಅದರಲ್ಲಿ ಒಂದು ತಟ್ಟೆಯನ್ನೂ ಒರೆಸಲಿಲ್ಲ. ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟು, ಭಾನುವಾರ ತೆಗೆದು ಮೇಜಿನ ಮೇಲೆ ಹರಡಿ ನೋಡುತ್ತಿದ್ದಳು. ಯಾವ ಗೋಪುರ ಯಾವ ಅರಮನೆಯದ್ದು, ಯಾವ ರಾಣಿಯನ್ನು ಎಲ್ಲಿಂದ ಓಡಿಸಿದರು, ಎಲ್ಲ ಅವಳಿಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಅವನು ತಂದ ಮೊದಲ ಬಟ್ಟೆಯಲ್ಲಿ ನದಿಯ ಮೇಲೇ ಕಟ್ಟಿದ ಅರಮನೆಯಿತ್ತು, ನೀರಲ್ಲಿ ಕಮಾನುಗಳ ಕಾಲೂರಿಕೊಂಡು ನಿಂತದ್ದು. ಅದರೊಳಗಿನ ಉದ್ದದ ಹಜಾರದಲ್ಲಿ ಈ ದಡದಿಂದ ನಡೆದರೆ ಆ ದಡಕ್ಕೆ ಬಾಗಿಲು ತೆರೆಯುತ್ತದಂತೆ ಎಂದು ಅವಳು ಹೇಳಿದ್ದಳು. ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗು ಎಂದೂ ಕೇಳಿದ್ದಳು. ಸೀಟಿಲ್ಲ ಅಂದ. ಇನ್ನೊಂದು ವರ್ಷ ಕೇಳಿದಳು. ಏನಿದೆ ಅಲ್ಲಿ, ಕಲ್ಲು ಅಂದ. ಆಮೇಲೆ ಅವಳು ಕೇಳಲಿಲ್ಲ.

ರೆಜಿಸ್ ಕೆಲಸದಿಂದ ನಿವೃತ್ತನಾದ ದಿನ ಬಸ್ಸು ನಿಲ್ಲಿಸುವ ಶೆಡ್ಡಿನಲ್ಲೇ ವಿದಾಯದ ಕೂಟ ನಡೆಯಿತು. ಬಿಳಿ ವೈನು, ಉಪ್ಪುಗಡಲೆ, ಮಾಲೀಕನ ಭಾಷಣ. ಎಲ್ಲರೂ ಕೈಯಿಂದ ದುಡ್ಡು ಹಾಕಿ ಒಂದು ಉಡುಗೊರೆ ತರುವುದು ಇಲ್ಲಿಯ ಪದ್ಧತಿ. ಮೀನು ಹಿಡಿಯುವ ಒಳ್ಳೆಯ ಗಾಳವಿರಬಹುದು ಎಂದು ಅವನು ಆಸೆಯಿಂದ ಕಾದಿದ್ದ. ಕೈಗೆ ಬಂದದ್ದು ಲಕೋಟೆ. ಒಳಗೆ ಗಂಡ ಹೆಂಡತಿ ಇಬ್ಬರಿಗೂ ನಾಲ್ಕು ದಿನದ ಪ್ರವಾಸ. ಅರಮನೆಗಳು, ಚರ್ಚುಗಳು. ಬಸ್ಸಿನಲ್ಲಿ.

ಅವನ ಮುಖ ಬೇವಿನ ಕಷಾಯ ಕುಡಿದವನ ಹಾಗಾಯಿತು. ಬಸ್ಸಿನವನಿಗೆ ಬಸ್ಸಿನ ಪ್ರವಾಸ ಕೊಟ್ಟ ಈ ಜಾಣರನ್ನು ಏನೆನ್ನುವುದು! ಬಾಯಿಗೆ ಬಂದದ್ದನ್ನು ಅನ್ನಬೇಕು ಎಂದು ತಿರುಗಿದ, ಜೋಸಿಯಾನ್ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಬ್ರಿನಾಳ ಕೈ ಹಿಡಿದುಕೊಂಡು, ನದಿಯ ಮೇಲಿನದ್ದೂ ಇದೆಯಾ ಎಂದಷ್ಟೇ ಕೇಳಿದಳು. ಇದೆ, ಮೂರನೇ ದಿನ, ಓಡಿಸುವವಳೂ ನಾನೇ ಎಂದಳು ಸಬ್ರಿನಾ. ರೆಜಿಸ್ ಬಾಯಿ ಮುಚ್ಚಿಕೊಂಡು ಕಡಲೆ ತಿಂದ.

ಜೂನ್ ತಿಂಗಳಲ್ಲಿ ಹೊರಟರು. ಡ್ರೈವರ್ ಹಿಂದಿನ ಸೀಟೇ ಬೇಕೆಂದು ಹಟ ಮಾಡಿ ಕೂತ. ಸಬ್ರಿನಾ ತಿರುವಿನಲ್ಲಿ ಬ್ರೇಕ್ ಒತ್ತುವ ಮುಂಚೆ ಇವನ ಬಲಗಾಲು ನೆಲ ಒತ್ತುತ್ತಿತ್ತು. ಕಿಟಕಿಯ ಪಕ್ಕ ಕೂತ ಜೋಸಿಯಾನ್ ಅಲ್ಲಿ ನೋಡು ಗೋಪುರ ಅಂದರೆ, ಇವನು ಮುಂದೆ ಲಾರಿ ಇದೆ ಎನ್ನುತ್ತಿದ್ದ. ಇಸ್ತ್ರಿ ಮಾಡಿದ ಆ ಮೊದಲ ಬಟ್ಟೆಯನ್ನು ಅವಳು ಕೈಚೀಲದಲ್ಲಿ ತಂದಿದ್ದಳು.

ಮೊದಲ ದಿನದ ಊಟದ ಹೊತ್ತಿಗೇ ಕೆಟ್ಟಿತು. ಹೋಟೆಲಿನ ಅಂಗಳದಲ್ಲಿ ಎಲ್ಲರೂ ಇಳಿದು ಮುಂಬಾಗಿಲಿಗೆ ಹೋದರು. ರೆಜಿಸನ ಕಾಲು ಅದರ ಪಾಡಿಗೆ ಹಿಂಬಾಗಿಲಿಗೆ ಹೋಯಿತು. ಒಳಗಿನ ಹಳೆಯ ಮುಖಗಳು ಅವನನ್ನು ಕಂಡು ಕುರ್ಚಿ ಎಳೆದು ಹಾಕಿದವು, ಅಡಿಗೆಯವನು ಸಾರಿನ ತಟ್ಟೆ ಇಟ್ಟ. ಅರ್ಧ ತಟ್ಟೆ ಮುಗಿದ ಮೇಲೆ ಹೆಂಡತಿಯ ನೆನಪಾಯಿತು. ಮುಂದಿನ ಹಜಾರಕ್ಕೆ ಇಣುಕಿದ. ಯಾರ್ಯಾರೋ ಅಪರಿಚಿತರ ನಡುವೆ ಜೋಸಿಯಾನ್ ಕೂತಿದ್ದಳು, ಪಕ್ಕದ ಖಾಲಿ ಕುರ್ಚಿಯ ಮೇಲೆ ಇವನ ಕೋಟು ಹಾಕಿ ಜಾಗ ಹಿಡಿದಿದ್ದಳು. ಇವನ ಪಾಲಿನ ಕೋಳಿ ತಟ್ಟೆಯಲ್ಲಿ ಆರುತ್ತಿತ್ತು. ಅಡಿಗೆಯವಳಾಗಿ ಇವಳಾದರೂ ಇದನ್ನು ಹೇಗೆ ತಿನ್ನುತ್ತಾಳೋ ಎಂದುಕೊಂಡು ವಾಪಸ್ಸು ಬಂದು ತನ್ನ ಸಾರು ಮುಗಿಸಿದ. ಮರುದಿನ ಹಿಂಬಾಗಿಲಿಗೆ ಕಾಲು ತಪ್ಪಿ ಹೋಗಲಿಲ್ಲ, ಬೇಕೆಂದೇ ಹೋಯಿತು.

ಒಳಗೆ ನೋಡಿದ್ದಾದರೂ ಎಂಥದ್ದು. ಜೀವನದಲ್ಲಿ ಮೊದಲ ಸಲ ಅರಮನೆಯೊಳಗೆ ಹೋದವನಿಗೆ ಮೊದಲು ಬಡಿದದ್ದು ಬೆವರಿನ ನಾತ. ಮುಂದಿನವನ ಬೆನ್ನು, ಪಕ್ಕದವಳ ಮೊಣಕೈ, ಮೇಲೆತ್ತಿ ಹಿಡಿದ ಮೊಬೈಲುಗಳು. ಹಸಿರು ಛತ್ರಿ ಎತ್ತಿಕೊಂಡ ಗೈಡು ಒಂದು ತೂತಿರುವ ಕುರ್ಚಿ ತೋರಿಸಿ, ರಾಜರು ಇದರ ಮೇಲೆ ಕೂತು ಬೆಳಗಿನ ಕೆಲಸ ಮುಗಿಸುತ್ತಲೇ ಮಂತ್ರಿಗಳ ಅಹವಾಲು ಕೇಳುತ್ತಿದ್ದರು ಎಂದ. ಜನ ಕಿಸಿಕಿಸಿ ನಕ್ಕು ಫೋಟೋ ತೆಗೆದರು. ರೆಜಿಸ್ ಎಲ್ಲರಿಗೂ ಕೇಳುವ ಹಾಗೆ ಥೂ ಅಂದ. ಇದನ್ನು ನೋಡೋದಕ್ಕಾ ನಾನು ಇಷ್ಟು ವರ್ಷ ಇವರನ್ನು ಹೊತ್ತು ತಂದದ್ದು! ಚಿನ್ನದ ಬಳ್ಳಿ ಸುತ್ತಿದ ಬಾಗಿಲು, ಬತ್ತಲೆ ದೇವತೆಗಳು ತೇಲುವ ಚಾವಣಿ, ಧೂಳು ಕುಡಿದು ಬೂದಿಬಣ್ಣವಾದ ಪರದೆ, ಎಲ್ಲ ಒಂದೇ ಸಮನೆ ಅವನ ಮೈಮೇಲೆ ಬಂದ ಹಾಗಾಯಿತು.

ಜೋಸಿಯಾನ್ ಮಾತ್ರ ಕೆಳಗಿನ ಅಡಿಗೆಮನೆಯಲ್ಲಿ ನಿಂತುಬಿಟ್ಟಿದ್ದಳು. ಗೋಡೆ ತುಂಬ ತಾಮ್ರದ ಪಾತ್ರೆಗಳು, ದೊಡ್ಡದರಿಂದ ಚಿಕ್ಕದಕ್ಕೆ. ಒಂದು ಎತ್ತು ಹಿಡಿಸುವಂಥ ಒಲೆ. ಶಾಲೆಯ ಅಷ್ಟು ಮಕ್ಕಳಿಗೆ ಬೇಯಿಸಿ ಬಡಿಸಿದವಳಿಗೆ ಅದರ ಮುಂದೆ ಕಾಲು ಕೀಳಲಾಗಲಿಲ್ಲ. ಆ ಬಾಗಿಲ ಹತ್ತಿರವೇ ಯಾಕೆ ನೀರಿನ ತೊಟ್ಟಿ ಇಟ್ಟಿದ್ದಾರೆ ಗೊತ್ತಾ ಎಂದು ಶುರು ಮಾಡಿದಳು. ರೆಜಿಸ್ ಗಡಿಯಾರ ನೋಡಿ, ಬಸ್ಸು ಬಿಡುತ್ತೆ ನಡಿ ಅಂದ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆದರೆ ತಡವಾಗಿ ಬರುವವರನ್ನು ಜೀವಮಾನವಿಡೀ ಶಪಿಸಿದವನು ತಾನೇ ಹೇಗೆ ಕೊನೆಗೆ ಬಂದಾನು? ಕಾದ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೇ ಎಲ್ಲರಿಗಿಂತ ಮುಂಚೆ ಬಂದು ಕೂತರು. ಅವಳು ಹೊರಗೆ ನೋಡುತ್ತಿದ್ದಳು. ಹೊರಗೆ ಪಾರ್ಕಿಂಗ್ ಜಾಗ.

ಎರಡನೇ ದಿನ ಚರ್ಚುಗಳದ್ದು. ಅವಳು ಬಣ್ಣದ ಗಾಜಿನ ಕೆಳಗೆ ಕುರ್ಚಿ ಹಿಡಿದು ಕೂತರೆ, ಇವನು ತಣ್ಣಗಿನ ಕಂಬಕ್ಕೆ ಒರಗಿ, ಮೇಣದ ಕಮಟು, ಬಾವಲಿಯ ಹಿಕ್ಕೆ, ಸತ್ತ ಬಿಷಪ್ಪನ ಮೂಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕುವ ಹೇಸಿಗೆ ಎಂದು ಒಂದೊಂದನ್ನೇ ಅವಳ ಕಿವಿಗೆ ಹಾಕಿದ. ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಸೂರ್ಯ ಕಿಟಕಿಯ ಹಿಂದೆ ಬಂದು ನೀಲಿ ಬೆಳಕು ಅವಳ ಮಡಿಲಿಗೆ ಬೀಳುವುದರಲ್ಲಿತ್ತು. ಬಸ್ಸು ಬಿಡುತ್ತೆ ಅಂದ. ಎದ್ದಳು.

ಮೂರನೇ ದಿನ ನದಿಯ ಅರಮನೆ.

ಪಾರ್ಕಿಂಗಿನಿಂದ ಮರದ ಸಾಲಿನ ದಾರಿಯಲ್ಲಿ ಅವಳು ಅವನಿಗಿಂತ ಮುಂದೆ ನಡೆದಳು. ಮೊದಲ ಸೇತುವೆಯ ಮೇಲೆ ನಿಂತು ಚೀಲದಿಂದ ಬಟ್ಟೆ ತೆಗೆದು, ಎದುರಿಗೆ ಹಿಡಿದು, ಚಿತ್ರವನ್ನೂ ಅರಮನೆಯನ್ನೂ ನೋಡಿ ಮಗುವಿನ ಹಾಗೆ ನಕ್ಕಳು. ಒಳಗೆ ಪ್ರತಿ ಕೋಣೆಯಲ್ಲೂ ನಿಧಾನ ಮಾಡಿದಳು, ಹಜಾರವನ್ನು ಕೊನೆಗೆಂದು ಉಳಿಸಿಕೊಂಡಿದ್ದಳು. ಹಬ್ಬದ ದಿನ ಸಿಹಿಯನ್ನು ಎಲೆಯ ತುದಿಯಲ್ಲಿ ಉಳಿಸಿಕೊಳ್ಳುವವರಿರುತ್ತಾರಲ್ಲ, ಅಂಥವಳು. ರೆಜಿಸನಿಗೆ ಅಷ್ಟರಲ್ಲಿ ಮೈಯೆಲ್ಲ ಪರಚಿಕೊಳ್ಳುವಂತಾಗಿತ್ತು. ರಾಣಿಯರ ಹಾಸಿಗೆಗಳು, ಒಬ್ಬಳನ್ನು ಓಡಿಸಿ ಇನ್ನೊಬ್ಬಳು ಹತ್ತಿದ ಹಾಸಿಗೆಗಳು, ಅವುಗಳ ಮುಂದೆ ಬಾಯಿ ತೆರೆದು ನಿಂತ ಮಂದೆ. ಹಜಾರದ ಬಾಗಿಲಿಗೆ ಬಂದಾಗ ಅವನು ಗಡಿಯಾರ ನೋಡಿದ. ಉದ್ದದ ಹಜಾರ, ಕರಿ ಬಿಳಿ ಚೌಕದ ನೆಲ, ಎರಡೂ ಬದಿಯ ಕಿಟಕಿಗಳಿಂದ ನೀರಿನ ಬೆಳಕು ಚಾವಣಿಯ ಮೇಲೆ ಅಲುಗುತ್ತಿತ್ತು. ದೂರದಲ್ಲಿ ಆ ದಡದ ಬಾಗಿಲು ತೆರೆದಿತ್ತು, ಆಚೆ ಹಸಿರು ಕಾಣುತ್ತಿತ್ತು.

"ಬಸ್ಸು ಬಿಡುತ್ತೆ," ಎಂದು ಅವಳ ತೋಳು ಹಿಡಿದ.

"ಆ ಬಾಗಿಲವರೆಗೆ ಹೋಗಿ ಬರ್ತೀನಿ ರೆಜಿಸ್. ಅಷ್ಟೇ."

"ಅಲ್ಲಿ ಏನಿದೆ? ಆ ಕಡೆ ಮರ ಇದೆ. ಮರ ನೋಡಿಲ್ವಾ ನೀನು? ನಮ್ಮಿಂದ ಐವತ್ತು ಜನ ಕಾಯಬೇಕಾ?"

ತೋಳು ಬಿಡಲಿಲ್ಲ. ಜನ ತಿರುಗಿ ನೋಡಿದರು. ನಾಚಿಕೆಗೆ ಅವಳು ಬಂದಳು. ಬಸ್ಸಿನಲ್ಲಿ ಯಾರೂ ಇರಲಿಲ್ಲ. ಸಬ್ರಿನಾ ಸೀಟು ಹಿಂದಕ್ಕೆ ಒರಗಿಸಿ ಡಬ್ಬಿಯಿಂದ ಸೊಪ್ಪು ತಿನ್ನುತ್ತಾ ಮೊಬೈಲು ನೋಡುತ್ತಿದ್ದಳು. ಇಷ್ಟು ಬೇಗ ಬಂದ್ರಾ, ಇನ್ನೂ ಬೇಕಾದಷ್ಟು ಹೊತ್ತಿತ್ತಲ್ಲಾ ಅಂದಳು. ಉಳಿದವರು ಒಬ್ಬೊಬ್ಬರೇ ಬಂದರು, ಹಜಾರದ ಆಚೆ ಬಾಗಿಲಿನಿಂದ ಅರಮನೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಹೇಳಿಕೊಳ್ಳುತ್ತಾ. ಜೋಸಿಯಾನ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. ಆಮೇಲೆ ಅದನ್ನು ಬಿಚ್ಚಿ, ಮುಖದ ಬೆವರನ್ನೂ ಕತ್ತನ್ನೂ ಒರೆಸಿಕೊಂಡು, ಮುದ್ದೆ ಮಾಡಿ ಸೀಟಿನ ಮುಂದಿನ ಜೋಳಿಗೆಗೆ ತುರುಕಿದಳು.

ಆ ಸಂಜೆ ಹೋಟೆಲ್ ಕೋಣೆಯಲ್ಲಿ ಅವಳು ಒಂದೇ ಮಾತು ಹೇಳಿದಳು. "ನಾಳೆ ನೀನು ಒಳಗೆ ಬರಬೇಡ. ನನ್ನ ಪಾಡಿಗೆ ನಾನು ನೋಡ್ಕೋತೀನಿ." ರೆಜಿಸನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೋಪ ಮಾಡಿಕೊಂಡಿದ್ದಾಳೆ ಎಂದು ಆ ಮಹಾನುಭಾವನಿಗೆ ಹೊಳೆಯಲೇ ಇಲ್ಲ, ಬಿಡುಗಡೆ ಕೊಟ್ಟಳು ಅಂದುಕೊಂಡ.

ಕೊನೆಯ ದಿನ ಮಧ್ಯಾಹ್ನ ಒಂದು ಹಳೆಯ ಮಠದ ಚರ್ಚು. ಅದನ್ನು ನೋಡಿದ ಮೇಲೆ ಸಂಜೆಗೆ ಇನ್ನೊಂದು ಊರಿನ ದೊಡ್ಡ ಚರ್ಚಿನ ಮುಂಭಾಗಕ್ಕೆ ಬಣ್ಣದ ದೀಪ ಬಿಡುವುದನ್ನು ನೋಡಿ ಮನೆಗೆ. ಜೋಸಿಯಾನ್ ಹಿಂತಿರುಗಿ ನೋಡದೆ ಒಳಗೆ ಹೋದಳು. ರೆಜಿಸ್ ನೇರ ಹತ್ತಿರದ ಹೋಟೆಲಿನ ಡ್ರೈವರುಗಳ ಕೋಣೆಗೆ. ಆ ದಿನ ಅಲ್ಲಿ ಅವನ ದರ್ಬಾರು. ಮೂರು ದಿನದ ಸಿಟ್ಟನ್ನೆಲ್ಲ ಕಾರಿದ: ತೂತು ಕುರ್ಚಿ, ಬಿಷಪ್ಪನ ಮೂಳೆ, ರಬ್ಬರ್ ಕೋಳಿ. ಇನ್ನು ಓಡಿಸುವ ಕೆಲಸವಿಲ್ಲವಲ್ಲ, ವೈನನ್ನೂ ಕುಡಿದ. ಡ್ರೈವರುಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹೊತ್ತಾಯಿತು ಎಂದು ಒಬ್ಬೊಬ್ಬರೇ ಎದ್ದುಹೋದರು. ಇವನು ಗೋಡೆಯ ಗಡಿಯಾರ ನೋಡಿದ, ಇನ್ನೊಂದು ಕಾಫಿ ಹೇಳಿದ. ಅವಸರವೇನು? ಡ್ರೈವರ್ ಇಲ್ಲಿ ಕೂತಿರುವಾಗ ಬಸ್ಸು ಹೋಗುವುದಾದರೂ ಎಲ್ಲಿಗೆ?

ಕಾಫಿಯ ಬಟ್ಟಲು ಕೆಳಗಿಡುವಾಗ ನೆನಪಾಯಿತು, ಈಗ ಡ್ರೈವರ್ ತಾನಲ್ಲ.

ಓಡಿಬಂದ. ಬಸ್ಸು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು. ಫೋನ್ ಮಾಡಿದ. ಸಬ್ರಿನಾ ಎತ್ತಿದಾಗ ಹಿಂದೆ ಹೆದ್ದಾರಿಯ ಸದ್ದು ಕೇಳಿತು.

"ಗುರುಗಳೇ? ನೀವು ನನ್ನ ಹಿಂದಿನ ಸೀಟಲ್ಲೇ ಮಲಗಿದ್ದೀರಿ ಅಂದುಕೊಂಡಿದ್ದೀನಿ ನಾನು," ಅಂದಳು ಗಾಬರಿಯಿಂದ. "ಹೊರಡುವಾಗ ಕೇಳಿದ್ನಲ್ಲ, ನೀವು ಕಲಿಸಿದ ಹಾಗೇ. ಪಕ್ಕದವರು ಇದ್ದಾರಾ ಅಂತ. ಇದ್ದಾರೆ ಅಂತ ಮೇಡಮ್ಮೇ ಹೇಳಿದ್ರು."

ಅವಳಿಗೆ ಕೊಡು ಅಂದ. ಫೋನು ಕೈಯಿಂದ ಕೈಗೆ ದಾಟಿದ್ದು ಕೇಳಿತು.

"ಜೋಸಿಯಾನ್, ನೀನು ಪಕ್ಕ ನೋಡಲೇ ಇಲ್ವಾ?"

"ನೋಡಿದೆ," ಅಂದಳು ಅವಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಸೀಟು ಖಾಲಿ ಇತ್ತು. ಮನೇಲೂ ಹಾಗೇ ಇರ್ತಿತ್ತಲ್ಲ, ಅಡಿಗೆ ಮಾಡಿಟ್ಕೊಂಡು ಕಾಯ್ತಿದ್ದೆನಲ್ಲ ನಾನು. ಯಾರಾದ್ರೂ ಕೇಳಿದ್ರೆ ಇದ್ದಾನೆ ಅಂತಾನೇ ಹೇಳಿ ರೂಢಿ. ಇವತ್ತೂ ಹೇಳಿದೆ."

ಬಸ್ಸಿನಲ್ಲಿ ಯಾರೋ ಪಿಸುಗುಟ್ಟುವುದು ಕೇಳಿಸಿತು. ಮತ್ತೆ ಸಬ್ರಿನಾಳ ದನಿ ಬಂತು, ಮುಂದಿನ ತಿರುವಿನಲ್ಲಿ ತಿರುಗಿಸಿಕೊಂಡು ಬರಲಾ ಎಂದು ಕೇಳಿದಳು. ತಿರುಗಿಸಿದರೆ ಸಂಜೆಯ ದೀಪ ತಪ್ಪುತ್ತದೆ ಎಂದು ಅವನಿಗೆ ಗೊತ್ತಿತ್ತು. ಸಬ್ರಿನಾಳಿಗೂ ಗೊತ್ತಿತ್ತು, ಅದಕ್ಕೇ ಕೇಳಿದಳು.

"ಬೇಡ, ಹೋಗು," ಅಂದ ರೆಜಿಸ್. "ನನಗೆ ರೈಲಿದೆ."

ಕೋಟು ಬಸ್ಸಿನಲ್ಲೇ ಹೋಗಿತ್ತು. ಕಟ್ಟೆಯ ಮೇಲೆ ಕೂತ. ಬಾಯಲ್ಲಿ ವೈನು ಹುಳಿ ಹುಳಿಯಾಗಿತ್ತು, ತನ್ನದೇ ಉಸಿರು ತನಗೆ ಹೇಸಿಗೆ ಬರಿಸುತ್ತಿತ್ತು. ತನ್ನ ಸಾರಿನ ತಟ್ಟೆಯೂ, ಖಾಲಿ ಕುರ್ಚಿಯ ಮೇಲೆ ಅವಳು ಹಾಕಿಟ್ಟ ಕೋಟೂ ಒಟ್ಟಿಗೆ ಕಣ್ಣೆದುರು ಬಂದವು. ಯಾವ ಅರಮನೆಯೂ ಅವನಿಗೆ ಇಷ್ಟು ಅಸಹ್ಯವಾಗಿರಲಿಲ್ಲ.

ಆ ಎಣ್ಣೆ ಕಲೆಯ ಮೇಲೆ ಇನ್ನೊಂದು ಬಸ್ಸು ಬಂದು ನಿಂತಿತು. ಜನ ಇಳಿದರು. ಮಂಡಿನೋವಿನ ಒಬ್ಬ ಮುದುಕಿ ಕೊನೆಗೆ ಇಳಿದು, ಚರ್ಚಿನ ಮೆಟ್ಟಿಲುಗಳನ್ನು ನೋಡಿ, ಕಟ್ಟೆಯ ಮೇಲೆ ಕೂತವನನ್ನು ಕೇಳಿದಳು: ಹತ್ತಿ ಹೋದರೆ ನೋಡುವಂಥದ್ದೇನಾದರೂ ಇದೆಯಾ? ಕಲ್ಲು, ಸ್ಮಶಾನ ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ರೆಜಿಸ್ ಅದನ್ನು ನುಂಗಿಕೊಂಡ.

"ನನಗೆ ಗೊತ್ತಿಲ್ಲಮ್ಮ," ಅಂದ. "ನನ್ನ ಹೆಂಡತಿ ನೋಡಿದ್ದಾಳೆ."

ಮುದುಕಿ ಅವನ ಪಕ್ಕಕ್ಕೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.